ಪದದ ಜಾಡು 9: ಬಜೆಟ್ ಅಂದ್ರೆ ಚೀಲ!

"ಈ ತಿಂಗಳು ಬಜೆಟ್ ಇಲ್ಲ ಮಗಾ" ಅಂತ ದಿನಾ ಹೇಳ್ತೀವಿ. ಆದ್ರೆ ಈ ಪದ ಹುಟ್ಟಿದಾಗ ಅದರಲ್ಲಿ ಲೆಕ್ಕಾಚಾರವೇ ಇರಲಿಲ್ಲ. ಅದು ಬರೀ ಒಂದು ಚೀಲ.

ಲ್ಯಾಟಿನ್‌ನಲ್ಲಿ 'ಬುಲ್ಗಾ' ಅಂದ್ರೆ ಚರ್ಮದ ಚೀಲ. ಹಳೇ ಫ್ರೆಂಚಲ್ಲಿ ಅದು 'ಬೂಜ್' ಆಯ್ತು, ಪುಟ್ಟ ಚೀಲಕ್ಕೆ 'ಬೂಜೆಟ್' ಅಂದ್ರು. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಉಬ್ಬು ಅನ್ನೋಕೆ ಇಂಗ್ಲಿಷಲ್ಲಿರೋ 'ಬಲ್ಜ್' ಕೂಡ ಇದೇ ಮನೆಯ ಕೂಸು.

ಚೀಲ ಖಜಾನೆಗೆ ಹೋಗಿದ್ದು ಹೇಗೆ? ಒಂದು ಗೇಲಿಯಿಂದ!

1733. ಬ್ರಿಟನ್ನಿನ ಮೊದಲ ಪ್ರಧಾನಿ ಅಂತ ಕರೆಸಿಕೊಳ್ಳೋ ರಾಬರ್ಟ್ ವಾಲ್ಪೋಲ್, ವೈನ್ ಮತ್ತು ತಂಬಾಕಿನ ಮೇಲೆ ಅಬಕಾರಿ ತೆರಿಗೆ ಹಾಕೋಕೆ ಹೊರಟ. ವಿರೋಧಿಗಳು 'ದಿ ಬಜೆಟ್ ಓಪನ್ಡ್' ಅಂತ ಕಿರುಹೊತ್ತಿಗೆ ತಂದ್ರು. ಸಂತೆಯಲ್ಲಿ ಚೀಲ ಬಿಚ್ಚಿ ಸುಳ್ಳು ಔಷಧಿ ಮಾರೋ ನಕಲಿ ವೈದ್ಯನಿಗೆ ಅವನನ್ನ ಹೋಲಿಸಿದ್ರು. ಬೀದಿಯಲ್ಲಿ ಗಲಾಟೆ ಜೋರಾಯ್ತು, ವಾಲ್ಪೋಲ್ ಪ್ರಸ್ತಾವ ವಾಪಸ್ ತಗೊಂಡ. ತೆರಿಗೆ ಹೋಯ್ತು, ಅಡ್ಡಹೆಸರು ಉಳೀತು. ಆಮೇಲೆ ಅದೇ ಸರ್ಕಾರಿ ಪದವಾಯ್ತು. ಫ್ರೆಂಚರೂ ತಮ್ಮದೇ ಪದವನ್ನ ಹೊಸ ಅರ್ಥದ ಜೊತೆ ಇಂಗ್ಲಿಷಿಂದ ವಾಪಸ್ ತಗೊಂಡ್ರು 😄

ಈಗ ನಮ್ಮ ಕಥೆ. 1857ರ ದಂಗೆ ಹತ್ತಿಕ್ಕೋಕೆ ಬ್ರಿಟಿಷರು ಸಿಕ್ಕಾಪಟ್ಟೆ ಖರ್ಚು ಮಾಡಿದ್ರು, ಸಾಲ ಏರಿತ್ತು. ಅದನ್ನ ಸರಿಮಾಡೋಕೆ ಬಂದವನು 'ದಿ ಎಕನಾಮಿಸ್ಟ್' ಪತ್ರಿಕೆ ಸ್ಥಾಪಿಸಿದ ಜೇಮ್ಸ್ ವಿಲ್ಸನ್. 1860ರಲ್ಲಿ ಭಾರತದ ಮೊದಲ ಬಜೆಟ್ ಮಂಡಿಸಿದ. ಆ ಚೀಲದಿಂದ ಹೊರಬಿದ್ದದ್ದು ಆದಾಯ ತೆರಿಗೆ: ವರ್ಷಕ್ಕೆ 200ರಿಂದ 500 ರೂಪಾಯಿ ಆದಾಯಕ್ಕೆ ಶೇ. 2, ಅದಕ್ಕಿಂತ ಹೆಚ್ಚಿದ್ರೆ ಶೇ. 4.

ವ್ಯತ್ಯಾಸ ನೋಡಿ. ಲಂಡನ್ನಲ್ಲಿ ಜನ ಕೂಗಿದಾಗ ಪ್ರಧಾನಿ ಹಿಂದೆ ಸರಿದ. ಇಲ್ಲಿ ತೆರಿಗೆ ಕಟ್ಟೋರಿಗೆ ಓಟೇ ಇರಲಿಲ್ಲ. ತೆರಿಗೆಯನ್ನ ಬಹಿರಂಗವಾಗಿ ವಿರೋಧಿಸಿದ ಮದ್ರಾಸ್ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್‌ನನ್ನೇ ವಾಪಸ್ ಕರೆಸಿಕೊಂಡ್ರು! ದಂಗೆ ಹತ್ತಿಕ್ಕಿದ ಖರ್ಚನ್ನ ಇಲ್ಲಿನವರ ಜೇಬಿಂದಲೇ ವಸೂಲಿ ಮಾಡೋ ಲೆಕ್ಕ ಅದು. ವಿಲ್ಸನ್ ಅದೇ ವರ್ಷ ಆಗಸ್ಟಲ್ಲಿ ಕಲ್ಕತ್ತಾದಲ್ಲಿ ಭೇದಿಯಿಂದ ತೀರಿಕೊಂಡ. ಆ ತೆರಿಗೆ 1865ಕ್ಕೆ ನಿಂತರೂ ಮುಂದೆ ಬೇರೆ ರೂಪದಲ್ಲಿ ವಾಪಸ್ ಬಂತು.

2019ರಲ್ಲಿ ನಿರ್ಮಲಾ ಸೀತಾರಾಮನ್ ಬ್ರೀಫ್‌ಕೇಸ್ ಬಿಟ್ಟು ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತ ತಂದ್ರು, 2021ಕ್ಕೆ ಟ್ಯಾಬ್ಲೆಟ್ ಬಂತು. ಹೊರಗಿನ ಚೀಲದ ಫೋಟೋ ಎಲ್ರೂ ಶೇರ್ ಮಾಡ್ತೀವಿ. ಬಿಕಾಂ ಓದ್ತಾ ನನಗನ್ನಿಸಿದ್ದು ಇಷ್ಟೇ: ಈಗ ನಮ್ಮ ಹತ್ರ ಓಟಿದೆ, ಒಳಗೇನಿದೆ ಅಂತಾನೂ ಓದೋಣ.

ಮುಂದಿನ ಪದ 'ಆಡಿಟ್'. ಅದಕ್ಕೂ ಕಿವಿಗೂ ಏನು ಸಂಬಂಧ? ಕಮೆಂಟಲ್ಲಿ ಊಹೆ ಮಾಡಿ 👇

#ಪದದಜಾಡು #ಬಜೆಟ್ #ಕನ್ನಡ #ಇತಿಹಾಸ