ಕುಸಿದ ಕಣಿವೆ ಮತ್ತು ಬಾವಿಯ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಗೆ ಸಾಂತಾ ಕ್ಲಾರಾ ಕಣಿವೆ ಇದೆ. ಸಿಲಿಕಾನ್ ಕಣಿವೆ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಕರ್ನಾಟಕದ ಅನೇಕ ಎಂಜಿನಿಯರುಗಳು ಅಲ್ಲಿ ನೆಲೆಸಿದ್ದಾರೆ. ಆದರೆ ಅವರು ಓಡಾಡುವ ನೆಲ ನೂರು ವರ್ಷಗಳ ಹಿಂದೆ ಇದ್ದ ಎತ್ತರದಲ್ಲಿ ಇಲ್ಲ. ಸ್ಯಾನ್ ಹೊಸೆ ನಗರದ ಮಧ್ಯಭಾಗ 20ನೆಯ ಶತಮಾನದಲ್ಲಿ ಸುಮಾರು 13 ಅಡಿ, ಅಂದರೆ 4 ಮೀಟರಿನಷ್ಟು ಕೆಳಗಿಳಿಯಿತು. ಇದಕ್ಕೆ ಭೂಕಂಪ ಕಾರಣವಲ್ಲ. ಬಾವಿಗಳಿಂದ ಎತ್ತಿದ ನೀರು ಕಾರಣ. 1969ರ ಹೊತ್ತಿಗೆ ಈ ಕುಸಿತ ಬಹುಮಟ್ಟಿಗೆ ನಿಂತಿತು. ಅದು ನಿಂತದ್ದು ಹೇಗೆ, ಅದಕ್ಕೆ ಹಣ ಕೊಟ್ಟವರು ಯಾರು ಎಂಬುದನ್ನು ಇಲ್ಲಿ ನೋಡೋಣ.

ತೋಟಗಳ ಕಾಲ

ಆಗ ಇದು ಪ್ಲಮ್, ಏಪ್ರಿಕಾಟ್ ಹಣ್ಣುಗಳ ನಾಡು. ಮಳೆ ಬೀಳುವುದು ಚಳಿಗಾಲದಲ್ಲಿ. ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಮೊದಲು ಕೊರೆದ ಬಾವಿಗಳಲ್ಲಿ ನೀರು ತಾನಾಗಿಯೇ ಮೇಲಕ್ಕೆ ಉಕ್ಕುತ್ತಿತ್ತು. ಅನಂತರ ಪಂಪುಗಳು ಬಂದವು. 1920ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 16 ಕೋಟಿ ಘನ ಮೀಟರ್ ನೀರನ್ನು ಮೇಲೆತ್ತಲಾಗುತ್ತಿತ್ತು. ಬಾವಿಗಳ ಮಟ್ಟ ಇಳಿಯತೊಡಗಿತು.

ಎಂಜಿನಿಯರುಗಳಾದ ಫ್ರೆಡ್ ಟಿಬೆಟ್ಸ್ ಮತ್ತು ಸ್ಟೀಫನ್ ಕೀಫರ್ 1921ರಲ್ಲಿ ಒಂದು ಪರಿಹಾರ ಸೂಚಿಸಿದರು. ಬೆಟ್ಟಗಳಿಂದ ಇಳಿಯುವ ತೊರೆಗಳಿಗೆ ಅಡ್ಡಲಾಗಿ ಸಣ್ಣ ಜಲಾಶಯಗಳನ್ನು ಕಟ್ಟಿ, ಚಳಿಗಾಲದ ನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲಿ ಅದನ್ನು ನಿಧಾನವಾಗಿ ಬಿಡುವುದು. ಜಲ್ಲಿಕಲ್ಲು ತುಂಬಿದ ತೊರೆಯ ಪಾತ್ರವೇ ಅದನ್ನು ನೆಲದೊಳಕ್ಕೆ ಇಂಗಿಸುತ್ತದೆ. ಸರಳ ಯೋಜನೆ. ಆದರೆ ಹಣ ಕೊಡಬೇಕಾದವರು ಆ ಕಣಿವೆಯ ಜನರೇ. 1920ರ ದಶಕದಲ್ಲಿ ಮತದಾರರು ಇಂತಹ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಕೊನೆಗೆ 1929ರಲ್ಲಿ ಜಲ ಸಂರಕ್ಷಣೆಗೆಂದೇ ಒಂದು ಸ್ಥಳೀಯ ಸಂಸ್ಥೆ ರಚನೆಯಾಯಿತು. 1934ರಲ್ಲಿ 20 ಲಕ್ಷ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ದೊರೆಯಿತು. 1935-36ರಲ್ಲಿ ಕೊಯೋಟಿ, ಗ್ವಾಡಲೂಪ್, ಕ್ಯಾಲೆರೊ ಮುಂತಾದ ಆರು ಜಲಾಶಯಗಳು ಸಿದ್ಧವಾದವು.

ಎರಡು ದಾಖಲೆಗಳು ಕೂಡಿದಾಗ

ಇಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಂದಿತ್ತು. ಸ್ಯಾನ್ ಹೊಸೆಯಲ್ಲಿ 1912ರಲ್ಲಿ ಎತ್ತರ ಗುರುತಿಸಿ ಸ್ಥಾಪಿಸಿದ್ದ ಒಂದು ಮಟ್ಟದ ಗುರುತು 1933ರ ವೇಳೆಗೆ ಸುಮಾರು 4 ಅಡಿ ಕೆಳಗಿಳಿದಿತ್ತು. ಇಡೀ ಊರು ಒಟ್ಟಿಗೆ ಇಳಿದರೆ ಅಲ್ಲಿ ನಿಂತವರಿಗೆ ಏನೂ ತಿಳಿಯುವುದಿಲ್ಲ. ದೂರದ ಗಟ್ಟಿ ಬಂಡೆಯಿಂದ ಅಳೆದಾಗ ಮಾತ್ರ ತಿಳಿಯುತ್ತದೆ. ಅದೇ ನಗರದ ಒಂದು ಬಾವಿಯಲ್ಲಿ 1915ರಿಂದ ನೀರಿನ ಮಟ್ಟ ದಾಖಲಾಗಿತ್ತು. ಬಾವಿಯ ದಾಖಲೆ, ನೆಲದ ದಾಖಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಸ್ಪಷ್ಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೋಲ್ಮನ್ ಮತ್ತು ಅವರ ಜೊತೆಗಾರ ಜೋಸೆಫ್ ಪೋಲಂಡ್ 1940ರಲ್ಲಿ ಈ ಸಂಬಂಧವನ್ನು ವಿವರಿಸಿ ಪ್ರಕಟಿಸಿದರು.

ಇದರ ಭೌತವಿಜ್ಞಾನ ತರಗತಿಯಲ್ಲಿ ಹೇಳುವಷ್ಟು ಸರಳವಾಗಿದೆ. ಆಳದ ಒಂದು ಪದರದ ಮೇಲಿರುವ ಮಣ್ಣಿನ ಭಾರವನ್ನು ಇಬ್ಬರು ಹೊರುತ್ತಾರೆ: ಮಣ್ಣಿನ ಕಣಗಳು ಮತ್ತು ಕಣಗಳ ನಡುವಿನ ನೀರು. ಕಾರ್ಲ್ ಟೆರ್ಝಾಗಿ 1925ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳು ಇದು. ನೀರಿನ ಮಟ್ಟ 10 ಮೀಟರ್ ಇಳಿದರೆ ನೀರಿನ ಒತ್ತಡ ಸುಮಾರು 1 ಲಕ್ಷ ಪಾಸ್ಕಲ್ ಕಡಿಮೆಯಾಗುತ್ತದೆ. ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರ ನೀರಿನ ಹೆಗಲಿನಿಂದ ಕಣಗಳ ಹೆಗಲಿಗೆ ಜಾರುತ್ತದೆ. ಮರಳು ಈ ಭಾರಕ್ಕೆ ತುಸು ಕುಗ್ಗಿ, ನೀರು ಮರಳಿ ಬಂದಾಗ ಮೊದಲಿನಂತೆ ಆಗುತ್ತದೆ. ಜೇಡಿಮಣ್ಣು ಹಾಗಲ್ಲ. ತಾನು ಹಿಂದೆ ಹೊತ್ತಿದ್ದ ಅತಿ ಹೆಚ್ಚಿನ ಭಾರವನ್ನು ಮೀರಿದೊಡನೆ ಅದರ ಕಣಗಳು ಶಾಶ್ವತವಾಗಿ ಒತ್ತೊತ್ತಾಗಿ ಕೂರುತ್ತವೆ. (ಕೋಲಾರದಂತಹ ಗಡಸು ಶಿಲೆಯ ಪ್ರದೇಶಗಳಲ್ಲಿ ಇಂತಹ ದಪ್ಪ ಜೇಡಿ ಪದರಗಳಿಲ್ಲ. ಆದ್ದರಿಂದಲೇ ಅಲ್ಲಿ ಕೊಳವೆಬಾವಿ ಬತ್ತಿದರೂ ನೆಲ ಹೀಗೆ ಇಳಿಯುವುದಿಲ್ಲ.)

ಜೇಡಿಗೆ ಒಂದು ಬಗೆಯ ನೆನಪು ಇದೆ ಎನ್ನಬಹುದು. ಕಣಿವೆಯ ಚರಿತ್ರೆ ಇದನ್ನೇ ತೋರಿಸಿತು. 1936ರ ಬಳಿಕ ಒಳ್ಳೆಯ ಮಳೆ ಮತ್ತು ಹೊಸ ಜಲಾಶಯಗಳಿಂದ ಬಾವಿಗಳು ಚೇತರಿಸಿಕೊಂಡವು. ಕುಸಿತ ಕೆಲವು ವರ್ಷ ನಿಂತೇ ಹೋಯಿತು. ಎರಡನೆಯ ಮಹಾಯುದ್ಧದ ನಂತರ ಜನಸಂಖ್ಯೆ ಏರಿತು. ನೀರಿನ ಮಟ್ಟ ಮತ್ತೆ ಇಳಿಯಿತು, ಅದರೊಂದಿಗೆ ಕುಸಿತವೂ ಮತ್ತೆ ಆರಂಭವಾಯಿತು. 1964ರಲ್ಲಿ ಸ್ಯಾನ್ ಹೊಸೆಯ ಬಾವಿಯಲ್ಲಿ ನೀರು ನೆಲದಿಂದ 235 ಅಡಿ, ಅಂದರೆ ಸುಮಾರು 72 ಮೀಟರ್ ಆಳಕ್ಕೆ ಹೋಗಿತ್ತು. ಕೊಲ್ಲಿಯ ಅಂಚಿನ ಆಲ್ವಿಸೊ ಊರು ಸಮುದ್ರಮಟ್ಟಕ್ಕಿಂತ ಕೆಳಗಿಳಿಯಿತು. ಬಾವಿಗಳ ಕೊಳವೆಗಳು ಜಜ್ಜಿಹೋದವು. ಚರಂಡಿಗಳ ಇಳಿಜಾರು ಕೆಟ್ಟಿತು. ಕೊಲ್ಲಿಯ ಉದ್ದಕ್ಕೂ ಏರಿಗಳನ್ನು ಎತ್ತರಿಸಬೇಕಾಯಿತು.

ಅಳತೆಯೂ ಹಣವೂ

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕಾರಣ ಪ್ರಕಟವಾದದ್ದು 1940ರಲ್ಲಿ. ಕುಸಿತ ನಿಂತದ್ದು 1969ರಲ್ಲಿ. ನಡುವಿನ ಸುಮಾರು 30 ವರ್ಷ ಅರಿವು ಇತ್ತು, ಆದರೆ ಪಂಪ್ ಮಾಡುವವರನ್ನು ಆ ಅರಿವಿಗೆ ಕಟ್ಟಿಹಾಕುವ ವ್ಯವಸ್ಥೆ ಇರಲಿಲ್ಲ. ನೀರೆತ್ತಿದವನಿಗೆ ಲಾಭ, ಕುಸಿತದ ನಷ್ಟ ಇಡೀ ಊರಿಗೆ.

ವ್ಯವಸ್ಥೆ ಬಂದದ್ದು 1960ರ ದಶಕದಲ್ಲಿ. 1960ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಯಾನ್ ಹೊಸೆ ಮತ್ತು ಸನಿವೇಲ್‌ಗಳಲ್ಲಿ 1000 ಅಡಿ ಆಳದ ಸಂಕೋಚನ ಮಾಪಕಗಳನ್ನು ಸ್ಥಾಪಿಸಿತು. ರಂಧ್ರದ ತಳಕ್ಕೆ ಬಿಗಿದ ಆಧಾರಕ್ಕೆ ಹೋಲಿಸಿ ಮೇಲಿನ ನೆಲ ಎಷ್ಟು ಇಳಿಯಿತು ಎಂಬುದನ್ನು ಅವು ಅಳೆಯುತ್ತವೆ. 1964ರಿಂದ ಸ್ಥಳೀಯ ಸಂಸ್ಥೆ ಎತ್ತಿದ ನೀರಿನ ಪ್ರಮಾಣಕ್ಕೆ ಶುಲ್ಕ ವಿಧಿಸತೊಡಗಿತು. ದೊಡ್ಡ ಬಾವಿಯ ಮೀಟರ್ ಹೀಗೆ ಏಕಕಾಲಕ್ಕೆ ವೈಜ್ಞಾನಿಕ ಉಪಕರಣವೂ ಬಿಲ್ಲಿನ ಆಧಾರವೂ ಆಯಿತು. 1965ರಲ್ಲಿ ರಾಜ್ಯದ ಕಾಲುವೆಯಿಂದ ಹೊರಗಿನ ನೀರು ಬಂದಿತು. ಅದರಲ್ಲಿ ಒಂದು ಪಾಲನ್ನು ತೊರೆಗಳಲ್ಲೂ ಇಂಗುಕೊಳಗಳಲ್ಲೂ ಇಂಗಿಸಲಾಯಿತು.

1980ರ ದಶಕದ ಆರಂಭದಲ್ಲಿ ಇನ್ನೊಂದು ಪಾಠವಾಯಿತು. ದಕ್ಷಿಣ ಸ್ಯಾನ್ ಹೊಸೆಯಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ದ್ರಾವಕ ಸೋರಿ, ಕುಡಿಯುವ ನೀರಿನ ಬಾವಿಯನ್ನು ಸೇರಿದ್ದು ಪತ್ತೆಯಾಯಿತು. ನೀರು ಎಷ್ಟಿದೆ ಎಂಬುದರ ಜೊತೆಗೆ ಹೇಗಿದೆ ಎಂಬುದನ್ನೂ ಅಳೆಯಬೇಕಾಯಿತು. ತೊರೆಗಳಿಗಾಗಿ 2000, 2012 ಮತ್ತು 2020ರಲ್ಲಿ ಆಸ್ತಿಯ ಮೇಲಿನ ವಿಶೇಷ ತೆರಿಗೆಯನ್ನು ಮತಕ್ಕೆ ಹಾಕಲಾಯಿತು. ಅಲ್ಲಿನ ಕಾನೂನಿನಂತೆ ಮೂರನೇ ಎರಡರಷ್ಟು ಮತ ಬೇಕು. ಮೂರು ಬಾರಿಯೂ ದೊರೆಯಿತು. ಪ್ರವಾಹ ನಿಯಂತ್ರಣ, ತೊರೆಗಳ ಮಾಲಿನ್ಯ ತಡೆ, ತೊರೆಗಳ ಪರಿಸರ ಸ್ಥಿತಿಯ ಮಾಹಿತಿ ಸಂಗ್ರಹ ಇವೆಲ್ಲಕ್ಕೂ ಇದರಿಂದ ಹಣ ಹೋಗುತ್ತದೆ. 1920ರ ದಶಕದಲ್ಲಿ ಬೇಡವೆಂದ ಕಣಿವೆಯ ಮತದಾರರು ಈಗ ಒಪ್ಪಿಕೊಂಡು ಕೊಡುತ್ತಿದ್ದಾರೆ.

ಇಳಿದ 13 ಅಡಿ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಬಾವಿಗಳಲ್ಲಿ ನೀರು ಏರಿದರೂ ಒತ್ತಿಹೋದ ಜೇಡಿ ಉಬ್ಬುವುದಿಲ್ಲ. ಉಳಿದಿರುವುದು ಒಂದೇ ಕೆಲಸ: ನೀರಿನ ಮಟ್ಟವನ್ನು ಹಳೆಯ ಅತಿ ಕೆಳಗಿನ ಮಟ್ಟಕ್ಕೆ ಬೀಳದಂತೆ ಕಾಯುವುದು. ಸಹಿಸಬಹುದಾದ ಕುಸಿತವೆಂದು ಸ್ಥಳೀಯ ಜಲ ಸಂಸ್ಥೆ ಇಟ್ಟುಕೊಂಡಿರುವ ಮಿತಿ ವರ್ಷಕ್ಕೆ 0.01 ಅಡಿ, ಅಂದರೆ ಸುಮಾರು 3 ಮಿಲಿಮೀಟರ್. ಅಷ್ಟು ಸಣ್ಣ ಬದಲಾವಣೆಯನ್ನು ಗುರುತಿಸಲು ಒಂದು ವರ್ಷ ಅಳೆದು ಬಿಟ್ಟರೆ ಸಾಲದು. ಅಣೆಕಟ್ಟಿಗೆ ಒಮ್ಮೆ ಹಣ ಸಿಕ್ಕರೆ ಸಾಕು; ಅಳತೆಗೆ ಪ್ರತಿ ವರ್ಷವೂ ಬೇಕು.