ತಂತಿಯ ಕೆಳಗಿನ ಊರುಗಳು

ಕನಕಪುರ ತಾಲೂಕಿನ ಕೋಡಿಹಳ್ಳಿ ಹೋಬಳಿಯ ಕಾಡಂಚಿನ ರೈತರ ಜೊತೆ ಕರೆಂಟಿನ ವಿಷಯ ಎತ್ತಿದರೆ ದರದ ಮಾತು ಬರುವುದಿಲ್ಲ, ಹೊತ್ತಿನ ಮಾತು ಬರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಹೇಗೂ ಪುಕ್ಕಟೆ. ತ್ರೀ ಫೇಸ್ ಯಾವಾಗ ಕೊಡುತ್ತಾರೆ ಎನ್ನುವುದೇ ಪ್ರಶ್ನೆ. ರಾತ್ರಿ ಪಾಳಿ ಬಂದ ವಾರ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಲು ಟಾರ್ಚು ಹಿಡಿದು ಹೋಗಬೇಕು. ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ಕಾವೇರಿ ವನ್ಯಧಾಮ. ಆನೆ ಹೊಲಕ್ಕಿಳಿಯುವುದೂ ಅದೇ ಹೊತ್ತಿಗೆ. ಹಗಲು ಹೊತ್ತೇ ತ್ರೀ ಫೇಸ್ ಕೊಡಿ ಎಂಬ ಬೇಡಿಕೆ ಈ ಸೀಮೆಯಲ್ಲಿ ಹಳೆಯದು. ಬಿಸಿಲಿನ ಕರೆಂಟು ಹಗಲಲ್ಲೇ ಹುಟ್ಟುತ್ತದೆ. ಹಾಗಿದ್ದ ಮೇಲೆ ರೈತನ ಬೇಡಿಕೆಗೂ ಬಿಸಿಲಿನ ಕರೆಂಟಿಗೂ ಸಲೀಸಾಗಿ ಹೊಂದಿಕೆಯಾಗಬೇಕಿತ್ತು. ಯಾಕೆ ಆಗಲಿಲ್ಲ, ಈಗ ಎಷ್ಟರಮಟ್ಟಿಗೆ ಆಗುತ್ತಿದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಗೆಯಿಲ್ಲದ ವಿದ್ಯುತ್ತು ಈ ಸೀಮೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೊರಟಾಗ ಅದರ ತಂತಿ ಹಾದುಹೋದದ್ದು ಕಾನಕಾನಹಳ್ಳಿಯ ಮೇಲೆ, ಅಂದರೆ ಇಂದಿನ ಕನಕಪುರದ ಮೇಲೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆಯದು ಆ ದಿನಗಳಲ್ಲಿ ಜಗತ್ತೇ ತಿರುಗಿ ನೋಡುವಷ್ಟು ಉದ್ದದ ಮಾರ್ಗವಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ತಂತಿಯ ಕೆಳಗಿದ್ದ ಹಳ್ಳಿಗಳು ಮುಂದಿನ ಹಲವು ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ಹುಟ್ಟುವುದು ಒಂದು ಕಡೆ, ಬಳಕೆ ಇನ್ನೊಂದು ಕಡೆ, ನಡುವಿನವರಿಗೆ ಕಂಬ ಮಾತ್ರ. ಈ ಜಿಲ್ಲೆಯ ಇಂಧನ ಚರಿತ್ರೆಯಲ್ಲಿ ಈ ಚಾಳಿ ಮತ್ತೆ ಮತ್ತೆ ಮರುಕಳಿಸಿದೆ ಎಂದೇ ನನ್ನ ಅನಿಸಿಕೆ.

ಸ್ವಾತಂತ್ರ್ಯಾನಂತರದ ಕಥೆ ಎಲ್ಲರಿಗೂ ಗೊತ್ತಿರುವುದೇ. 1960ರ ದಶಕದಲ್ಲಿ ಶರಾವತಿ ಬಂತು, 1970ರಲ್ಲಿ ವಿದ್ಯುತ್ ನಿಗಮ ಸ್ಥಾಪನೆಯಾಯಿತು. ಜಲವಿದ್ಯುತ್ತೊಂದರಿಂದಲೇ ಹೊಟ್ಟೆ ತುಂಬದೆ 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯತೊಡಗಿತು, 2000ದಲ್ಲಿ ಕೈಗಾ ಸೇರಿಕೊಂಡಿತು. ನಮ್ಮ ವಿಷಯಕ್ಕೆ ಇವಕ್ಕಿಂತ ಮುಖ್ಯವಾದದ್ದು ಸದ್ದಿಲ್ಲದೆ ನಡೆದ ಇನ್ನೊಂದು ಬದಲಾವಣೆ. ಬೋರ್‌ವೆಲ್‌ಗಳು ಹೆಚ್ಚಿದವು, ಪಂಪ್‌ಸೆಟ್‌ಗಳಿಗೆ ಮೀಟರ್ ಬದಲು ಎಚ್‌ಪಿ ಲೆಕ್ಕದ ದರ ಬಂತು, ಕೊನೆಗೆ ಅದೂ ಹೋಗಿ ಕರೆಂಟು ಉಚಿತವಾಯಿತು. ಅಂದಿನಿಂದ ತೋಟದ ಪಂಪು ಎಷ್ಟು ಯೂನಿಟ್ ಕುಡಿಯಿತು ಎಂಬುದು ಅಂದಾಜಿನ ಬಾಬತ್ತು. ರೈತನಿಗೆ ಬಿಲ್ಲಿಲ್ಲ, ವಿದ್ಯುತ್ ಕಂಪನಿಗೆ ಸರ್ಕಾರದ ಸಹಾಯಧನ ಬಂದಾಗ ಬಂತು. ಸೋಲಾರ್ ಬರುವ ಹೊತ್ತಿಗೆ ಅದು ಎದುರಿಸಬೇಕಾಗಿ ಬಂದದ್ದು ಈ ಸೊನ್ನೆ ದರವನ್ನು. ಸೊನ್ನೆಗಿಂತ ಅಗ್ಗವಾಗಿ ಯಾರು ಕೊಡಬಲ್ಲರು?

ಅದಕ್ಕೂ ಮೊದಲು ಮಾಗಡಿಯಿಂದ ಆಚೆ, ಕುಣಿಗಲ್ ತಾಲೂಕಿನಲ್ಲಿ ಒಂದು ಒಳ್ಳೆಯ ಪಾಠ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದವರು ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಘಟಕ ಹಾಕಿದರು. ಮೊದಲ ಉದ್ದೇಶ ಅಡುಗೆಗೆ ಅನಿಲ ಕೊಡುವುದು. ಊರಿನ ಸಗಣಿಯಿಂದ ಎಲ್ಲರ ಒಲೆಗೂ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲ, ಅದು ಕೈಕೊಟ್ಟಿತು. ಆಮೇಲೆ ಊರಿನವರಿಗೆ ಬೇಕಾದದ್ದೇನು ಎಂದು ನೋಡಿದರೆ, ಕುಡಿಯುವ ನೀರು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಬೆರೆಸಿ ಕರೆಂಟು ಮಾಡಿ, ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಬಗ್ಗಡ ಮತ್ತೆ ಗೊಬ್ಬರವಾಗಿ ಮನೆಗೆ ಮರಳುತ್ತಿತ್ತು. ಜನ ಹಣ ಕೊಟ್ಟೇ ನಲ್ಲಿ ಹಾಕಿಸಿಕೊಂಡರು. ಮರುವರ್ಷ ಅದೇ ತಾಲೂಕಿನ ಹೊಸಹಳ್ಳಿಯಲ್ಲಿ ಸೌದೆಯನ್ನು ಅನಿಲವಾಗಿಸುವ ಗ್ಯಾಸಿಫೈಯರ್ ಬಂತು. ಎರಡೂ ಹಲವು ವರ್ಷ ನಡೆದು, ಗ್ರಿಡ್ಡಿನ ಕರೆಂಟು ಊರೂರಿಗೂ ಮುಟ್ಟಿದ ಮೇಲೆ ಹಿಂದೆ ಸರಿದವು. ಸೋತವು ಎಂದು ಷರಾ ಬರೆದು ಕಡತ ಮುಚ್ಚುವವರಿದ್ದಾರೆ. ನಾನು ಆ ಪಂಗಡದವನಲ್ಲ. ಜನರ ಮೊದಲ ಅಗತ್ಯ ಯಾವುದು ಎಂದು ತಿಳಿದುಕೊಂಡು ಯಂತ್ರವನ್ನು ಅದಕ್ಕೆ ಹೊಂದಿಸಿದ ಸರ್ಕಾರಿ ಸೋಲಾರ್ ಯೋಜನೆಗಳು ಆಮೇಲೆ ಎಷ್ಟು ಬಂದಿವೆ?

ಒಂದು ಬಂತು, ಅದೂ ಕನಕಪುರ ತಾಲೂಕಿಗೇ. 2014ರಲ್ಲಿ ರಾಜ್ಯ ಹೊಸ ಸೌರ ನೀತಿ ತಂದಿತು. ಅದೇ ವರ್ಷ 'ಸೂರ್ಯ ರೈತ' ಯೋಜನೆ ಹುಟ್ಟಿತು. ಆಗಿನ ಇಂಧನ ಸಚಿವ ಡಿ. ಕೆ. ಶಿವಕುಮಾರ್ ಇದೇ ಕ್ಷೇತ್ರದವರು. ಪ್ರಯೋಗಕ್ಕೆ ಅರ್ಕಾವತಿ ತೀರದ ಹಾರೋಬೆಲೆ ಭಾಗವೇ ಆಯ್ಕೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ವಿದ್ಯುತ್ ಕಂಪನಿ ಬೆಸ್ಕಾಂ ಆರಿಸಿದ್ದು ಸುಮಾರು 310 ಪಂಪ್‌ಸೆಟ್‌ಗಳನ್ನು. ಹಳೆಯ ಮೋಟರ್ ತೆಗೆದು ದಕ್ಷತೆಯ ಪಂಪು ಕೂಡಿಸುವುದು, ಪಂಪಿಗೆ ಬೇಕಾದುದಕ್ಕಿಂತ ಹೆಚ್ಚು ಸಾಮರ್ಥ್ಯದ ಪ್ಯಾನೆಲ್ ಹಾಕುವುದು, ಮಿಕ್ಕ ಕರೆಂಟನ್ನು ರೈತ ಅದೇ ತಂತಿಯಲ್ಲಿ ಬೆಸ್ಕಾಂಗೆ ಮಾರುವುದು, ಇದು ಕ್ರಮ. ಸಹಾಯಧನ ಪಡೆದವರಿಗೆ ಯೂನಿಟ್ಟಿಗೆ 7.20 ರೂಪಾಯಿ, ಪಡೆಯದವರಿಗೆ 9.56 ರೂಪಾಯಿ ಎಂದು ದರ ಗೊತ್ತಾಯಿತು. ಅದರಲ್ಲಿ ಹೆಚ್ಚಿನ ಪಾಲು ಸಾಲಕ್ಕೆ ಮುರಿದುಕೊಂಡು ಉಳಿದದ್ದು ರೈತನಿಗೆ. ಹಾರೋಬೆಲೆಯಲ್ಲಿ ರೈತರ ಸಹಕಾರ ಸಂಘವೂ ಆಯಿತು.

ಇದರ ಹಿಂದಿನ ತರ್ಕ ಗಟ್ಟಿಯಾದದ್ದು. ಪುಕ್ಕಟೆ ಕರೆಂಟಿನಲ್ಲಿ ಮೋಟರ್ ನಿಲ್ಲಿಸಲು ರೈತನಿಗೆ ಕಾರಣವೇ ಇಲ್ಲ. ಕರೆಂಟು ಬಂದ ಕೂಡಲೇ ತಾನೇ ಓಡುವಂತೆ ಸ್ಟಾರ್ಟರಿಗೆ ಆಟೋ ಹಾಕಿ ಮನೆಗೆ ಬರುತ್ತಾನೆ. ತೋಟ ನೆನೆದ ಮೇಲೂ ನೀರು ಹರಿಯುತ್ತಿರುತ್ತದೆ. ನಿಲ್ಲಿಸಿದರೆ ದುಡ್ಡು ಬರುತ್ತದೆ ಎಂದಾದ ದಿನ ಪಂಪು ಆರಿಸುವುದು ಲಾಭ, ಅಂತರ್ಜಲ ಉಳಿಯುವುದು ಅದರ ಜೊತೆಯ ಬೋನಸ್. ಬೋರ್ ಕೊರೆದು ಕೊರೆದು ಅಂತರ್ಜಲ ಬತ್ತಿಸಿಕೊಂಡ ಈ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ಔಷಧ ಇರಲಿಲ್ಲ.

ಆದರೂ ಹಾರೋಬೆಲೆಯ ಪ್ರಯೋಗ ರಾಜ್ಯಕ್ಕೆ ಹಬ್ಬಲಿಲ್ಲ. ದೊಡ್ಡ ಕಾರಣ ಕಾಲ. 2014ರಲ್ಲಿ ಗೊತ್ತುಮಾಡಿದ ದರ 2017ಕ್ಕೆ ದುಬಾರಿಯಾಗಿ ಕಂಡಿತು; ಆ ವರ್ಷ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಸೌರ ವಿದ್ಯುತ್ತು ಯೂನಿಟ್ಟಿಗೆ 2.44 ರೂಪಾಯಿಗೆ ಇಳಿದಿತ್ತು. ಏಳು ರೂಪಾಯಿ ಕೊಟ್ಟು ರೈತನಿಂದ ಯಾಕೆ ಕೊಳ್ಳಬೇಕು ಎಂಬ ಪ್ರಶ್ನೆ ಕಂಪನಿಯ ಲೆಕ್ಕದವರಿಗೆ ಸಹಜ. ಇನ್ನೊಂದು ಕಾರಣ ಸೂಕ್ಷ್ಮವಾದದ್ದು: ರೈತನ ಕೈಗೆ ಉಳಿಯುವ ಮೊತ್ತ ಸಣ್ಣದಾದರೆ ಮಾರುವ ಉತ್ಸಾಹವೂ ಸಣ್ಣದೇ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಆರು ಮಂದಿ ರೈತರು ಸೇರಿ ಸೌರ ನೀರಾವರಿ ಸಹಕಾರ ಸಂಘ ಕಟ್ಟಿ 4.63 ರೂಪಾಯಿ ದರಕ್ಕೆ ಕರೆಂಟು ಮಾರಿದರು. ಜಗತ್ತಿಗೆ ಹೆಸರಾದದ್ದು ಅದೇ. 2019ರಲ್ಲಿ ಕೇಂದ್ರ ಸರ್ಕಾರ 'ಕುಸುಮ್' ಎಂಬ ಸೌರ ಪಂಪಿನ ಯೋಜನೆ ತಂದಾಗ ಇಂಥ ಪ್ರಯೋಗಗಳ ನೆರಳು ಅದರಲ್ಲಿತ್ತು.

ಈ ನಡುವೆ ರಾಜ್ಯ ಬೇರೆ ದಾರಿ ಹಿಡಿದು ಓಡಿತು. ಪಾವಗಡದ ತಿರುಮಣಿಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಎದ್ದಿತು. ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದದ್ದು ಜಾಣತನ. ಭೂಮಿ ಇದ್ದವರಿಗೆ ನಿಗದಿತ ವರಮಾನ ಸಿಕ್ಕಿತು, ಕೂಲಿಯವರಿಗೆ ಕಳೆ ಕೀಳುವ ಕೆಲಸವೂ ಹೋಯಿತು. 2018ರ ಮಾರ್ಚ್‌ನೊಳಗೆ ಶುರುವಾದ ಘಟಕಗಳಿಗೆ ಹತ್ತು ವರ್ಷ ಸಾಗಣೆ ಶುಲ್ಕವಿಲ್ಲ ಎಂಬ ರಿಯಾಯಿತಿಗೆ ಕಂಪನಿಗಳು ಮುಗಿಬಿದ್ದವು. ಆ ವರ್ಷ ಸೌರ ಸಾಮರ್ಥ್ಯದಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. ಹೆಮ್ಮೆಯ ಸಂಗತಿಯೇ. ಆದರೆ 2023ರಲ್ಲಿ ಮಳೆ ಕೈಕೊಟ್ಟಾಗ ಅದೇ ರಾಜ್ಯದಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಐದು ತಾಸು ತ್ರೀ ಫೇಸ್ ಕೊಡುವುದೂ ಕಷ್ಟವಾಯಿತು. ಸೂರ್ಯ ಮುಳುಗಿದ ಮೇಲಿನ ಕೊರತೆಯನ್ನು ತುಂಬಬೇಕಾದ ಜಲಾಶಯದಲ್ಲಿ ನೀರಿರಲಿಲ್ಲ.

ಆ ಕೊರತೆಗೆ ಸರ್ಕಾರ ಹುಡುಕುತ್ತಿರುವ ಉತ್ತರಗಳಲ್ಲಿ ಒಂದು ನೀರನ್ನು ಮೇಲೆತ್ತಿಟ್ಟು ಕೊರತೆಯ ಹೊತ್ತಿಗೆ ಕರೆಂಟು ತೆಗೆಯುವ, ಶರಾವತಿ ಕಣಿವೆಯ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ಇನ್ನೊಂದು ನಮ್ಮ ಬಾಗಿಲಲ್ಲೇ ಇದೆ, ಮೇಕೆದಾಟು: 67 ಟಿಎಂಸಿ ನೀರು, ಜೊತೆಗೆ 400 ಮೆಗಾವ್ಯಾಟ್ ವಿದ್ಯುತ್. 2022ರ ಜನವರಿಯಲ್ಲಿ ಸಂಗಮದಿಂದ ಹೊರಟ ಪಾದಯಾತ್ರೆಯಲ್ಲಿ ಕುಡಿಯುವ ನೀರಿನ ಮಾತು ಎದ್ದು ಕೇಳಿತು. ಸುಮಾರು 5,000 ಹೆಕ್ಟೇರ್ ಭೂಮಿ ಮುಳುಗುತ್ತದೆ, ಅದರಲ್ಲಿ ಬಹುಪಾಲು ಕಾವೇರಿ ವನ್ಯಧಾಮದ ಕಾಡು ಎಂಬುದು ಅಷ್ಟಾಗಿ ಕೇಳಲಿಲ್ಲ. ಬೆಂಗಳೂರಿಗೆ ನೀರು ಬೇಕು, ನಿಜ. ಕಾಡು ಮುಳುಗಿದರೆ ಅಲ್ಲಿನ ಆನೆಗಳು ಎಲ್ಲಿಗೆ ಬರುತ್ತವೆ ಎಂಬುದಕ್ಕೆ ಕೋಡಿಹಳ್ಳಿ, ಸಾತನೂರು, ಉಯ್ಯಂಬಳ್ಳಿಯವರಿಗೆ ನಕ್ಷೆ ಬೇಕಿಲ್ಲ. ಈ ಯೋಜನೆಯನ್ನು ಶುದ್ಧ ಇಂಧನದ ಖಾತೆಗೆ ಬರೆದುಕೊಳ್ಳುವುದಕ್ಕೆ ನನ್ನ ತಕರಾರಿದೆ.

ಕಾಡಂಚಿನಲ್ಲಿ ಸೋಲಾರ್ ಎಂದರೆ ಇವತ್ತಿಗೂ ಬಹಳ ಜನಕ್ಕೆ ಮೊದಲು ನೆನಪಾಗುವುದು ಬೇಲಿ. ಸಣ್ಣ ಪ್ಯಾನೆಲ್, ಬ್ಯಾಟರಿ, ಎನರ್ಜೈಸರ್. ತಂತಿ ಮುಟ್ಟಿದರೆ ಕ್ಷಣಮಾತ್ರದ ಜೋರು ಹೊಡೆತ, ಜೀವಕ್ಕೆ ಅಪಾಯವಿಲ್ಲ. ಮಳೆಗಾಲದಲ್ಲಿ ಕೆಳಗಿನ ಬಳ್ಳಿ ಬೆಳೆದು ತಂತಿ ಹಿಡಿಯಿತೆಂದರೆ ಹೊಡೆತ ನೆಲಕ್ಕಿಳಿದು ಬೇಲಿ ಸತ್ತಂತೆ. ಆನೆ ಅದನ್ನು ಬೇಗ ಕಂಡುಕೊಳ್ಳುತ್ತದೆ. ಬೇಲಿ ಚೆನ್ನಾಗಿದ್ದರೂ ಮರ ದೂಡಿ ತಂತಿಯ ಮೇಲೆ ಕೆಡವಿ ದಾಟುವುದೂ ಅದಕ್ಕೆ ಗೊತ್ತು. ಯಂತ್ರ ಕೊಟ್ಟರೆ ಸಾಲದು, ಬಳ್ಳಿ ಸವರುವ ಕೂಲಿಗೂ ಬಜೆಟ್ಟಿನಲ್ಲಿ ಜಾಗ ಬೇಕು. ಸಹಾಯಧನ ಸಿಗುವುದು ಹಾಕುವುದಕ್ಕೆ, ಕಾಯುವುದಕ್ಕಲ್ಲ.

ಈಗ ಕುಸುಮ್ ಬಗ್ಗೆ. ಅದರಲ್ಲಿ ರೈತನಿಗೆ ಸಂಬಂಧಿಸಿದ ಮುಖ್ಯ ಭಾಗಗಳು ಎರಡು. 'ಬಿ' ಭಾಗದಲ್ಲಿ ಗ್ರಿಡ್ಡಿನ ಹಂಗಿಲ್ಲದ ಸೋಲಾರ್ ಪಂಪು. ಕರ್ನಾಟಕದಲ್ಲಿ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50, ರೈತನದು ಶೇ. 20. ಲೈನಿನಿಂದ 500 ಮೀಟರ್‌ಗಿಂತ ದೂರದ ಹೊಸ ಬೋರ್‌ಗಳಿಗೆ ಸರ್ಕಾರ ತೋರಿಸುವ ದಾರಿ ಇದೇ. ಹಗಲಲ್ಲಿ ನೀರು, ರಾತ್ರಿ ನಿದ್ದೆ. ಕಾಡಂಚಿಗೆ ಇದು ವರವೆಂದೇ ಹೇಳಬೇಕು. ಆದರೆ ಸೂರ್ಯ ರೈತದಲ್ಲಿದ್ದ ಮಾರುವ ಅವಕಾಶ ಇದರಲ್ಲಿಲ್ಲ. ಬಿಸಿಲಿರುವಷ್ಟು ಹೊತ್ತು ಪುಕ್ಕಟೆ ಓಡುವ ಪಂಪು ಬೋರ್‌ವೆಲ್ಲಿನ ತಳ ಕಾಣಿಸುವ ಅಪಾಯ ಇಲ್ಲಿ ಜಾಸ್ತಿ. 'ಸಿ' ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದ ನಾಲ್ಕಾರು ಎಕರೆಯಲ್ಲಿ ಪ್ಯಾನೆಲ್ ಹಾಕಿ ಪಂಪ್‌ಸೆಟ್‌ಗಳ ಇಡೀ ಫೀಡರನ್ನೇ ಸೌರಕ್ಕೆ ತಿರುಗಿಸುತ್ತಾರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಮತ್ತು ಪಂಪಿನ ಫೀಡರ್‌ಗಳನ್ನು ಬೇರೆ ಮಾಡಿದ್ದು ಈಗ ಉಪಯೋಗಕ್ಕೆ ಬರುತ್ತಿದೆ. ರೈತ ಏನನ್ನೂ ಕೊಳ್ಳಬೇಕಿಲ್ಲ, ಹಗಲಲ್ಲಿ ಏಳು ತಾಸು ಬಂದರೆ ಸಾಕು. ಹೂಡಿಕೆ, ಒಡೆತನ ಎಲ್ಲ ಬೇರೆಯವರದು. ಹಾರೋಬೆಲೆಯಲ್ಲಿ ಮಾರಾಟಗಾರನಾಗಿದ್ದ ರೈತ ಇಲ್ಲಿ ಮತ್ತೆ ಬರೀ ಬಳಕೆದಾರ. ಅಷ್ಟಾದರೂ ಕಾಡಂಚಿನ ಮಟ್ಟಿಗೆ 'ಸಿ' ಭಾಗವೇ ಬೇಗ ಆಗುವ ಕೆಲಸ ಎಂದು ನನಗನ್ನಿಸುತ್ತದೆ.

ಮನೆಯ ಚಾವಣಿಯದೂ ಹೀಗೇ ಒಂದು ತಿಕ್ಕಾಟ. 2023ರಿಂದ ರಾಜ್ಯದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗಿನ ಸರಾಸರಿ ಬಳಕೆಗೆ ಬಿಲ್ ಇಲ್ಲ. 2024ರಿಂದ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಒಂದು ಸರ್ಕಾರ ಬಿಲ್ ಕಟ್ಟಬೇಡಿ ಎನ್ನುತ್ತದೆ, ಇನ್ನೊಂದು ಬಿಲ್ ಉಳಿಸಲು ಸಾಲ ಮಾಡಿ ಎನ್ನುತ್ತದೆ. ಕೋಡಿಹಳ್ಳಿಯ ಹೆಂಚಿನ ಮನೆಯವರು ಯಾವುದನ್ನು ಕೇಳುತ್ತಾರೆ ಎಂದು ಹೇಳಬೇಕಿಲ್ಲ.

ಇಷ್ಟೆಲ್ಲ ಕರೆಂಟಿನ ಮಾತಾಯಿತು. ರಾಮನಗರದಿಂದ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಜಿಲ್ಲೆಯ ನಿಜವಾದ ಹೊಗೆ ಇರುವುದು ರೇಷ್ಮೆಯಲ್ಲಿ. ಕೋಡಿಹಳ್ಳಿ ಕಡೆಯ ತೋಟದಲ್ಲಿ ಚಂದ್ರಿಕೆಯಿಂದ ಬಿಡಿಸಿದ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಅದು. ಅಲ್ಲಿಂದ ರೀಲರ್ ಮನೆಗೆ. ಗೂಡು ಬೇಯಿಸಲು ಕುದಿಯುವ ನೀರು, ನೂಲು ಬಿಚ್ಚುವ ಬೇಸಿನ್ನಿಗೆ ಬಿಸಿನೀರು, ಎರಡಕ್ಕೂ ಸೌದೆ. ಮಂಜಾನೆ ಹಚ್ಚಿದ ಒಲೆ ಕೆಲಸ ಮುಗಿಯುವ ತನಕ ಆರುವುದಿಲ್ಲ. ಮಾಡಿನ ಹೆಂಚು, ಗೋಡೆ, ಕೆಲಸದ ಹೆಂಗಸರ ಕಣ್ಣು ಎಲ್ಲಕ್ಕೂ ಹೊಗೆಯ ಪಾಲಿದೆ. ಪ್ಯೂಪಾದ ವಾಸನೆ ಅದರ ಮೇಲೆ. 1990ರ ದಶಕದಲ್ಲೇ ಟೆರಿ ಸಂಸ್ಥೆ ರೀಲಿಂಗ್‌ಗಾಗಿ ಗ್ಯಾಸಿಫೈಯರ್ ಒಲೆ ರೂಪಿಸಿತ್ತು, ಸೌದೆಯೂ ಉಳಿಯುತ್ತಿತ್ತು, ಹೊಗೆಯೂ ಕಡಿಮೆ. ಆದರೆ ಅದಕ್ಕೆ ಸೌದೆಯನ್ನು ತುಂಡು ತುಂಡಾಗಿ ಕಡಿದು ಹಾಕಬೇಕು. ಗೂಡಿನ ದರ ಹರಾಜಿನಲ್ಲಿ ದಿನದಿನವೂ ಏರಿಳಿಯುವಾಗ ಬಾಡಿಗೆ ಶೆಡ್ಡಿನ ಸಣ್ಣ ರೀಲರ್ ಈ ರಗಳೆಗೂ ಹೊಸ ಸಾಲಕ್ಕೂ ಕೈಹಾಕುವುದಿಲ್ಲ. ಬಿಸಿಲಿನಲ್ಲಿ ನೀರು ಮೊದಲೇ ಕಾಯಿಸಿ ಬಾಯ್ಲರಿಗೆ ಬಿಟ್ಟರೆ ಸೌದೆ ಕಡಿಮೆಯಾಗುತ್ತದೆ. ಇದಕ್ಕೆ ದೊಡ್ಡ ವಿಜ್ಞಾನವೇನೂ ಬೇಡ. ಆದರೂ ಶುದ್ಧ ಇಂಧನದ ಸರ್ಕಾರಿ ಭಾಷಣಗಳಲ್ಲಿ ಮೆಗಾವ್ಯಾಟ್ ಇರುತ್ತದೆ, ಒಲೆ ಇರುವುದಿಲ್ಲ. ಒಲೆಯ ಕಾವಿಗೆ ಮೀಟರ್ ಇಲ್ಲದಿರುವುದೇ ಕಾರಣವಿರಬೇಕು. ಚನ್ನಪಟ್ಟಣದ ಗೊಂಬೆ ಕೆಲಸದವರ ಪಾಡು ಇದಕ್ಕಿಂತ ವಾಸಿ. ಅರಗಿನ ಬಣ್ಣ ಲೇತಿನ ತಿರುಗಾಟದ ಬಿಸಿಗೇ ಹಿಡಿಯುತ್ತದೆ, ಅವರಿಗೆ ಬೇಕಾದದ್ದು ಕೈಕೊಡದ ಕರೆಂಟು ಮಾತ್ರ.

ಕುಸುಮ್ 'ಬಿ'ಗೆ ಅರ್ಜಿ ಹಾಕಲು ಹೊರಟಿರುವ ಕಾಡಂಚಿನ ರೈತರಿಗೆ ಒಂದು ಮಾತು. ಪ್ಯಾನೆಲ್ ಎಷ್ಟು, ಪಂಪು ಯಾವ ಕಂಪನಿಯದು ಎಂದು ಕೇಳುವಷ್ಟೇ ಗಟ್ಟಿಯಾಗಿ, ಐದು ವರ್ಷದ ನಿರ್ವಹಣೆ ಯಾರ ಹೊಣೆ, ಹತ್ತಿರದ ಸರ್ವೀಸ್ ಕೇಂದ್ರ ಎಲ್ಲಿದೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಯೋಜನೆಯ ನಿಯಮದಲ್ಲೇ ಐದು ವರ್ಷದ ನಿರ್ವಹಣೆ ಸೇರಿದೆ. ಕೇಳಿ ಪಡೆಯುವುದು ನಿಮ್ಮ ಹಕ್ಕು. ಗ್ರಾಮಸಭೆ ಸೇರಿದಾಗ ನಮ್ಮ ಫೀಡರ್ ಯಾವಾಗ ಸೌರಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನೂ ಬೆಸ್ಕಾಂನವರ ಮುಂದಿಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ.