ಒಂದು ಪದದ ವ್ಯಾಖ್ಯೆ, ಒಂದು ಮಹಾವ್ರತ

ಶಾಸನಸಭೆಯ ಕಲಾಪಕ್ಕೂ ನಮ್ಮ ಬಸದಿಯ ಬಾಗಿಲಿಗೂ ಏನು ಸಂಬಂಧವೆಂದು ಕೇಳುವ ಶ್ರಾವಕರು ಅನೇಕರಿದ್ದಾರೆ. ನಮ್ಮ ಚಿಕ್ಕೋಡಿ-ಅಥಣಿ ಸೀಮೆಯ ಇತಿಹಾಸವೇ ಅದಕ್ಕೆ ಉತ್ತರ ನೀಡುತ್ತದೆ.

1947ರಲ್ಲಿ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿದ್ದು, 1949ರ ವಿಲೀನದ ನಂತರ ಮುಂಬಯಿ ಆಡಳಿತಕ್ಕೆ ಒಳಪಟ್ಟಿತು. ಆ 1947ರಲ್ಲಿಯೇ ಮುಂಬಯಿ ಶಾಸಕಾಂಗವು ಹರಿಜನ ದೇವಾಲಯ ಪ್ರವೇಶ ಅಧಿನಿಯಮವನ್ನು ರಚಿಸಿತು. ಶತಮಾನಗಳ ಅನ್ಯಾಯವನ್ನು ತೊಡೆಯುವ ಅದರ ಉದ್ದೇಶ ನಿಸ್ಸಂದೇಹವಾಗಿ ಸ್ತುತ್ಯವಾದುದು. ಆದರೆ ಅದರ ವ್ಯಾಖ್ಯೆಯಲ್ಲಿ ‘ಹಿಂದೂ’ ಎಂಬ ಪದದೊಳಗೆ ಜೈನರನ್ನೂ ಸೇರಿಸಲಾಗಿತ್ತು.

ಇಂದಿನ ನಿಪ್ಪಾಣಿ ತಾಲೂಕಿನ ಭೋಜ ಗ್ರಾಮದ ಮನೆತನದಲ್ಲಿ ಜನಿಸಿದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ಜೈನಧರ್ಮವು ಸ್ವತಂತ್ರ ಧರ್ಮವೆಂಬ ನಿಲುವಿನಿಂದ ಇದನ್ನು ವಿರೋಧಿಸಿ, ಮೂರು ವರ್ಷಕ್ಕೂ ಮಿಕ್ಕಿ ಧಾನ್ಯಾಹಾರವನ್ನು ತ್ಯಜಿಸಿದರು. ಸೊಲ್ಲಾಪುರ ಜಿಲ್ಲೆಯ ಅಕಲೂಜದ ಜಿನಮಂದಿರದ ವ್ಯಾಜ್ಯವು ಮುಂಬಯಿ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಛಾಗಲಾ ಅವರಿದ್ದ ಪೀಠವು, ಹಿಂದೂಗಳಿಗೇ ಹಕ್ಕಿಲ್ಲದ ಜೈನ ಮಂದಿರದಲ್ಲಿ ಈ ಅಧಿನಿಯಮವು ಹರಿಜನರಿಗೆ ಹೊಸ ಹಕ್ಕನ್ನು ಕೊಡುವುದಿಲ್ಲವೆಂದು ತೀರ್ಪಿತ್ತಿತು. ಅನಂತರವೇ ಮಹಾರಾಜರು ಧಾನ್ಯಾಹಾರವನ್ನು ಸ್ವೀಕರಿಸಿದರು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಆಗಲೇ ರದ್ದುಗೊಳಿಸಿತ್ತು. 1955ರಲ್ಲಿ ಸಂಸತ್ತು ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವನ್ನು ಅಂಗೀಕರಿಸಿ, ಪೂಜಾಸ್ಥಳ ಪ್ರವೇಶದ ಕಲಮಿನ ವಿವರಣೆಯಲ್ಲಿ ಜೈನರನ್ನು ಹಿಂದೂಗಳೆಂದೇ ಪರಿಗಣಿಸಿತು. 1976ರ ತಿದ್ದುಪಡಿಯಿಂದ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆನಿಸಿತು. ಪ್ರಾಂತದ ಕಾಯ್ದೆಯ ಅರ್ಥವನ್ನು ನ್ಯಾಯಾಲಯ ಮಿತಿಗೊಳಿಸಿದರೂ, ಸಂಸತ್ತು ಅದೇ ಪ್ರಶ್ನೆಯನ್ನು ರಾಷ್ಟ್ರಕ್ಕೆಲ್ಲ ಅನ್ವಯಿಸುವಂತೆ ಮತ್ತೆ ಎತ್ತಿಕೊಂಡಿತು.

ಆದುದರಿಂದ ವಿಧೇಯಕದ ನಡೆಯನ್ನು ನಾವು ಅರಿತಿರಬೇಕು. ಮಂಡನೆಯಾದ ವಿಧೇಯಕದ ತತ್ತ್ವಗಳನ್ನು ಮೊದಲು ಚರ್ಚಿಸುತ್ತಾರೆ; ಬಳಿಕ ಕಲಮುವಾರು ಪರಿಶೀಲನೆ. ವ್ಯಾಖ್ಯೆಯ ಪದಗಳು ಸೇರುವುದೂ ಅಳಿಯುವುದೂ ಇಲ್ಲಿಯೇ. ಆಮೇಲೆ ಇನ್ನೊಂದು ಸದನ. ಸಂಸತ್ತಿನ ಎರಡು ಸದನಗಳು ಭಿನ್ನವಾದರೆ ಜಂಟಿ ಅಧಿವೇಶನ ಕರೆಯಬಹುದು. ಕರ್ನಾಟಕದಲ್ಲಿ ಆ ಅವಕಾಶವಿಲ್ಲ: ವಿಧಾನ ಪರಿಷತ್ತು ಸಾಮಾನ್ಯ ವಿಧೇಯಕವನ್ನು ಮೊದಲು ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿದರೆ ಇನ್ನೊಂದು ತಿಂಗಳು ತಡೆದೀತು, ಅಷ್ಟೇ. ಕೊನೆಗೆ ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಅಂಕಿತ. ಅಂಕಿತವಾದ ಮೇಲೆ ಆಕ್ಷೇಪಿಸುವವನಿಗೆ ಉಳಿಯುವುದು ನ್ಯಾಯಾಲಯ, ಇಲ್ಲವೇ ಮತ್ತೊಂದು ವಿಧೇಯಕ.

ಆದರೂ ಒಂದು ಮಾತನ್ನು ನಿರ್ಮಲ ಮನಸ್ಸಿನಿಂದ ಹೇಳಿಕೊಳ್ಳಬೇಕು. ಧರ್ಮದ ಸ್ವತಂತ್ರ ಅಸ್ತಿತ್ವವನ್ನು ಕಾಪಾಡುವುದು ಒಂದು. ಹುಟ್ಟಿನ ಕಾರಣದಿಂದ ಮನುಷ್ಯನನ್ನು ಹೊರಗೆ ನಿಲ್ಲಿಸುವುದು ಇನ್ನೊಂದು. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಸಮರ್ಥಿಸಲಾಗದು. ತಿರ್ಯಂಚ ಜೀವಿಗಳಿಗೂ ಸಮವಸರಣದಲ್ಲಿ ಸ್ಥಾನವಿತ್ತೆಂದು ನಂಬುವ ನಾವು ಕಾಯ್ದೆ ಬಲವಂತಪಡಿಸುವವರೆಗೆ ಕಾಯಬೇಕೇ? ಬಸದಿಯ ವಿಶ್ವಸ್ತರು ವಿಧೇಯಕದ ಪ್ರತಿಯೊಂದು ಕಲಮನ್ನೂ ಓದಲಿ. ಅದಕ್ಕೆ ಮುನ್ನ ತಮ್ಮ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ನೋಡಲಿ.